ಬಸ್ಸಿಗೆ ಎದ್ದವರು

ಕಡೆಯ ಭಾಗವಷ್ಟೇ ನೋಡಿದರೆ ಸಾಕೆಂದು ಶಿವಗಂಗಾ ಮೊಬೈಲನ್ನು ಹೊಲಿಗೆ ಯಂತ್ರದ ಮೇಲೆ ದಾರದ ರೀಲಿಗೆ ಆನಿಸಿ ನಿಲ್ಲಿಸಿದ್ದಳು. ಈಗ ಅದು ಮುಗಿದು, ‘ಶುಭಂ’ ಎಂದು ಬಂದು ಹೋಗಿ, ಅದರ ಬೆನ್ನಿಗೇ ಯಾವುದೋ ಮಸಾಲೆ ಪುಡಿಯ ಜಾಹೀರಾತು ಶುರುವಾಗಿದ್ದರೂ ನಿಲ್ಲಿಸಲು ಕೈ ಏಳಲಿಲ್ಲ. ಮಸಾಲೆ ಪುಡಿಯ ಹೆಂಗಸು ನಗುನಗುತ್ತ ಒಗ್ಗರಣೆ ಹಾಕಿದಳು. ಇದು ಬೇರೆ ಯಾವುದೋ ಸಿನಿಮಾ ಇರಬೇಕು ಎಂದುಕೊಂಡು ಶಿವಗಂಗಾ ಹಿಂದಕ್ಕೆ ಸರಿಸಿ ಹೆಸರು ನೋಡಿದಳು. ‘ಸೊಸೆ ತಂದ ಬೆಳದಿಂಗಳು’. ಅದೇ ಹೆಸರು, ಅದೇ ಕಮಲಾ, ಅದೇ ಕನ್ನಡಕದ ಗಂಡ. ಪಟ್ಟಣದ ಸಣ್ಣ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತ ಕೂತ ಕಮಲಾ, ಬಾಗಿಲಲ್ಲಿ ನೆರಳು ಬಿದ್ದದ್ದು ಕಂಡು ತಲೆ ಎತ್ತುವ ತನಕ ಎಲ್ಲವೂ ತಾನು ಬಲ್ಲಂತೆಯೇ ಇತ್ತು. ಆಮೇಲೆ ಮಾತ್ರ ಗುರುತಿಲ್ಲದವರ ಮನೆಗೆ ನುಗ್ಗಿದಂತಾಯಿತು. ಕಮಲಾ ದಡಬಡಿಸಿ ಎದ್ದಳು, ಓಡಿದಳು, ಗಂಡನ ಕಾಲಿಗೆ ಬಿದ್ದು ಮನೆ ಬಿಟ್ಟು ಬಂದದ್ದು ನನ್ನದೇ ತಪ್ಪು ಎಂದು ಅತ್ತಳು. ಊರಿಗೆ ಹೋಗಿ ಅತ್ತೆಯ ಕಾಲಿಗೂ ಬಿದ್ದಳು. ಸೊಂಟದ ಡಾಬು ಕದ್ದಿದ್ದಾಳೆಂದು ಸೊಸೆಯನ್ನು ಹೊರಗೆ ಹಾಕಿದ್ದ ಆ ಅತ್ತೆ, ಡಾಬು ತನ್ನ ಮನೆಯ ಜೋಳ ತುಂಬಿಡುವ ಹಗೇವಿನಲ್ಲೇ ಸಿಕ್ಕ ಮೇಲೂ, ದೊಡ್ಡ ಮನಸ್ಸು ಮಾಡಿ ಸೊಸೆಯನ್ನು ಕ್ಷಮಿಸಿದಳು. ಮನೆಯಾಳು ಮಜ್ಜಿಗೆಯಲ್ಲಿ ಜಾರಿಬಿದ್ದ. ಎಲ್ಲರೂ ನಕ್ಕರು. ಪಟ್ಟಣದ ಕೋಣೆಯಲ್ಲಿ ಬಿಟ್ಟು ಬಂದ ಹೊಲಿಗೆ ಯಂತ್ರದ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಬೆಳಿಗ್ಗೆ ಎದ್ದಾಗ ಸಿನಿಮಾ ಗುಂಪಿನ ಸುನೀಲಕುಮಾರನ ಮೆಸೇಜು ಬಂದಿತ್ತು. ‘ಶಿವಗಂಗಕ್ಕ, ನೀವು ಹೇಳಿದ್ದು ಇದೇ ಸಿನಿಮಾ ಏನ್ರಿ? ನಾ ಪೂರಾ ನೋಡಿದೆ. ಮಧ್ಯಾಹ್ನ ಮಾತಾಡೂಣು.’ ಕೊನೆಗೆ ಹಲ್ಲು ಕಿಸಿಯುವ ಒಂದು ಹಳದಿ ಮುಖ. ಆ ಹಳದಿ ಮುಖ ಇರದಿದ್ದರೆ ಅವಳು ಸಿನಿಮಾ ಹಚ್ಚಿ ನೋಡುತ್ತಲೇ ಇರಲಿಲ್ಲ. ನೋಡುವುದೇನಿದೆ, ಬಾಯಿಪಾಠವಾಗಿರುವ ಸಿನಿಮಾ. ಹೋದ ಭಾನುವಾರ ಮುಜಮ್ಮಿಲನ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಅವಳು ಅದನ್ನೇ ಹೇಳಿದ್ದಳು, ನನಗ ಮತ್ತೊಮ್ಮೆ ನೋಡೋ ಜರೂರತ್ತಿಲ್ರಿ, ನೀವು ನೋಡ್ರಿ ಎಂದು. ಆಳಂದದ ಬಸ್ ಸ್ಟ್ಯಾಂಡಿನ ಎದುರಿಗಿರುವ ಆ ಸ್ಟುಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಹಳೆ ಸಿನಿಮಾದ ಹುಚ್ಚಿನವರು ನಾಲ್ಕಾರು ಮಂದಿ ಸೇರುತ್ತಾರೆ. ಒಬ್ಬರು ಒಂದು ಸಿನಿಮಾ ಹೇಳುವುದು, ವಾರದಲ್ಲಿ ಎಲ್ಲರೂ ತಂತಮ್ಮ ಮನೆಯಲ್ಲಿ ನೋಡುವುದು, ಮುಂದಿನ ಭಾನುವಾರ ಕೂತು ಅಭಿಪ್ರಾಯ ಹೇಳುವುದು. ಅಭಿಪ್ರಾಯ ಎಂಬ ಶಬ್ದ ತಂದವರು ಸುಭದ್ರಾಬಾಯಿ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಸಿನಿಮಾ ನೋಡುವುದನ್ನೂ ಪೇಪರು ತಿದ್ದುವಂತೆ ನೋಡುವವರು. ಶಿವಗಂಗಾ ಅವರ ಬ್ಲೌಸು ಕೊಡಲು ಹೋದವಳು ಹಾಗೇ ಒಂದು ದಿನ ಕೋಣೆಯಲ್ಲಿ ಕೂತುಕೊಂಡಿದ್ದಳು. ಆಮೇಲೆ ಪ್ರತಿ ವಾರ ಹೋದಳು, ಬಾಗಿಲ ಪಕ್ಕದ ಖುರ್ಚಿಯಲ್ಲಿ ಕೂತಳು, ಎಲ್ಲರ ಮಾತು ಕೇಳಿ ಚಹಾ ಕುಡಿದು ಬಂದಳು. ಬಾಯಿ ಬಿಟ್ಟದ್ದು ಹೋದ ವಾರವೇ ಮೊದಲು. ಬಿಟ್ಟ ಬಾಯಿ ಮುಚ್ಚಲಿಲ್ಲ. ಕಮಲಾಳ ಕತೆ ಹೇಳಿದಳು, ಕಡೆಯ ಸೀನಂತೂ ಎದ್ದು ನಿಂತು ಹೇಳಿದಳು. ಯಾರನ್ನೂ ಹೊಗಳದ ಸುಭದ್ರಾಬಾಯಿ ಕನ್ನಡಕ ತೆಗೆದು, ಅಂಥಾ ಕಡೀ ಸೀನು ಆ ಕಾಲದಾಗ ಯಾರು ತಗದಾರ ಬೇ, ನಾ ನೋಡೇ ನೋಡ್ತೇನಿ ಎಂದಿದ್ದರು. ನಮ್ಮಪ್ಪ ಖಜೂರಿ ಟಾಕೀಸಿನ್ಯಾಗ ಬಂದ ಒಂದು ಸಿನಿಮಾನೂ ಬಿಟ್ಟಿಲ್ರಿ ಎಂದು ಅವಳು ಇನ್ನೂ ಒಂದು ಮೆಟ್ಟಿಲು ಏರಿದಾಗ, ಹಂಗಾದ್ರ ಅವರನ್ನೂ ಕರಕೊಂಡು ಬಾ, ಅವರ ಅಭಿಪ್ರಾಯನೂ ಕೇಳೂಣು ಎಂದು ಅವರೇ ಆಮಂತ್ರಣ ಕೊಟ್ಟಿದ್ದರು. ಆ ಸಂಜೆ ಮನೆಗೆ ನಡೆದು ಬರುವಾಗ ಶಿವಗಂಗಾಳ ಕಾಲು ನೆಲದ ಮೇಲಿರಲಿಲ್ಲ. ಈಗ ಅದನ್ನು ನೆನೆಸಿದರೆ ಕಿವಿ ಬಿಸಿಯಾಗುತ್ತದೆ.

“ಗಂಗಾ, ರುಮಾಲ ಇಸ್ತ್ರಿ ಆತೇನ ಬೇ?” ಎಂದು ಅಂಗಳದಿಂದ ಅಪ್ಪ ಕೇಳಿದ. ಈಗ ಮಗಳ ಮನೆಯಲ್ಲೇ ಇರುವ ಮಾಳಿಂಗಪ್ಪ ಬೆಳಿಗ್ಗೆಯೇ ದಾಡಿ ಮಾಡಿಸಿಕೊಂಡು ಬಂದಿದ್ದ. ಸ್ನಾನವಾಗಿತ್ತು, ಹಣೆಗೆ ಭಂಡಾರ ಆಗಿತ್ತು, ಹಬ್ಬಕ್ಕೆಂದು ತಂದ ಧೋತರದ ಮಡಿಕೆ ಬಿಚ್ಚಿಯಾಗಿತ್ತು. ಈಗ ಬನಿಯನ್ನಿನಲ್ಲಿ ತುಳಸಿ ಕಟ್ಟೆಗೆ ಒರಗಿ ಕೂತು ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆತ ಯಾವ ಮದುವೆಗೂ ಇಷ್ಟು ತಯಾರಾದದ್ದನ್ನು ಅವಳು ಕಂಡಿರಲಿಲ್ಲ. ವಾರವಿಡೀ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ, ಭಾನುವಾರ ನಾ ಸಿಗೂದಿಲ್ಲೋ ತಮ್ಮಾ, ಸಿನಿಮಾದ ಮ್ಯಾಲ ಅಭಿಪ್ರಾಯ ಕೊಡಾಕ ಕರದಾರ.

“ಆತಪ್ಪಾ,” ಎಂದಳು. ಆಗಿರಲಿಲ್ಲ. ಇಸ್ತ್ರಿ ಹಚ್ಚಿ, ತಲೆಗೆ ಸುತ್ತುವ ರುಮಾಲು ಹರಡಿ, ಅದರ ಉದ್ದಕ್ಕೂ ಕೈಯಾಡಿಸುತ್ತ, ಇವತ್ತು ಹೋಗುವುದು ಬೇಡವೆಂದು ಹೇಗೆ ಹೇಳುವುದೆಂದು ಯೋಚಿಸಿದಳು. ತನಗೆ ತಲೆನೋವೆನ್ನಬಹುದು. ಆಗ ಅಪ್ಪ ತಾನೊಬ್ಬನೇ ಹೋಗುತ್ತಾನೆ, ಅದು ಇನ್ನೂ ಘಾತ. ಸುಭದ್ರಾಬಾಯಿಗೆ ಆರಾಮಿಲ್ಲವಂತೆ ಎನ್ನಬಹುದು. ಆರೋಗ್ಯವಾಗಿರುವ ಹೆಂಗಸಿನ ಮೇಲೆ ಅಂಥದ್ದು ಹೇಳಬಾರದು. ಇಲ್ಲವೇ ಅಪ್ಪನ ಮುಂದೆ ಕೂತು ನೇರವಾಗಿ, ಅಪ್ಪಾ, ಆ ಸಿನಿಮಾದ ಕಡೆಯಲ್ಲಿ ನೀ ಹೇಳಿದಂತೆ ಏನೂ ಇಲ್ಲ, ಅವರೆಲ್ಲ ನೋಡಿದ್ದಾರೆ, ನೀ ಅಲ್ಲಿ ಹೋಗಿ ಅದನ್ನೇ ಹೇಳಿದರೆ ನಗುತ್ತಾರೆ ಎನ್ನಬಹುದು. ಹೇಳಬಹುದು ನಿಜ. ಎಣ್ಣೆ ಹಚ್ಚಿದ ಪಾದಗಳನ್ನು ಬಿಸಿಲಿಗೆ ಚಾಚಿ, ಯಾವುದೋ ಹಾಡನ್ನು ಗುನುಗುತ್ತ ಕೂತ ಆತನನ್ನು ಕಿಟಕಿಯಿಂದ ನೋಡಿದ ಮೇಲೆ ಅವಳಿಂದ ಆಗಲಿಲ್ಲ. ಅವಳಿಗೆ ಸಿಟ್ಟೂ ಬಂತು. ಇಡೀ ಬಸ್ಸಿನ ಮಂದಿಗೆ ಸುಳ್ಳು ಹೇಳುವವನೆಂದು ಯಾರಿಗೆ ಗೊತ್ತಿತ್ತು.

ಅವಳು ಸಣ್ಣವಳಿದ್ದಾಗ ಅವರ ಊರಿನ ಬಸ್ಸು ಸಂಜೆಯದಿರುತ್ತಿತ್ತು. ಖಜೂರಿಯ ಸಂತೆಯ ದಿನ ತಗಡಿನ ಟಾಕೀಸಿನಲ್ಲಿ ಮಧ್ಯಾಹ್ನದ ಆಟ ನಡೆಯುತ್ತಿತ್ತು. ಒಳಗೆ ಕಾದ ತಗಡಿನ ಧಗೆ, ಬೀಡಿ ಹೊಗೆ, ಸಂತೆಯಲ್ಲಿ ಕೊಂಡ ಉಳ್ಳಾಗಡ್ಡಿಯ ವಾಸನೆ. ಅವರ ಊರು ಖಜೂರಿಯಿಂದ ಒಳಗೆ, ಅತ್ತ ಹೋಗುವ ಬಸ್ಸು ಅದೊಂದೇ, ತಪ್ಪಿದರೆ ಸಂತೆಯ ಗಂಟು ಹೊತ್ತು ಕತ್ತಲಲ್ಲಿ ನಡೆಯಬೇಕು. ಆಟ ಮುಗಿಯುವುದಕ್ಕೂ ಬಸ್ಸು ಬಿಡುವುದಕ್ಕೂ ಎಂದೂ ಹೊಂದಿಬರಲಿಲ್ಲ. ಪರದೆಯ ಮೇಲೆ ಏನೇ ನಡೆದಿರಲಿ, ಯಾರು ಯಾರ ಎದೆಗೆ ಪಿಸ್ತೂಲು ಹಿಡಿದಿರಲಿ, ಹೊರಗೆ ಹಾರ್ನು ಆಯಿತೆಂದರೆ ಅವರ ಊರಿನವರೆಲ್ಲ ಒಮ್ಮೆಲೇ ಏಳುತ್ತಿದ್ದರು. ಬಸ್ಸಿಗೆ ಎದ್ದವರು ಎಂದೇ ಖಜೂರಿಯವರು ಅವರನ್ನು ಕರೆಯುತ್ತಿದ್ದರು. ಕೂಡ್ರಲೇ, ಬಸ್ಸಿಗೆ ಎದ್ದವರು ಹೋಗಲಿ, ಆಮ್ಯಾಲ ಕಾಣತದ ಎಂದು ಹಿಂದಿನವರು ಬೈಯುತ್ತಿದ್ದರು. ಅಪ್ಪ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆದರೆ ಅವಳು ಹಿಂದಕ್ಕೆ ಮುಖ ಮಾಡಿ ಪರದೆಯನ್ನು ನೋಡುತ್ತಲೇ ಇರುತ್ತಿದ್ದಳು. ಬಾಗಿಲ ಪರದೆ ಬಿದ್ದು, ಹೊರಗಿನ ಬಿಸಿಲು ಕಣ್ಣಿಗೆ ಚುಚ್ಚಿ, ಎಲ್ಲ ಹೋಗಿಬಿಡುತ್ತಿತ್ತು. ಆಗ ಅಳು ಬರುತ್ತಿತ್ತು. ಮುಂದ ಏನಾತು ಅಪ್ಪಾ. ಬಸ್ಸು ಏರಿ, ಗಂಟುಗಳನ್ನು ಸೀಟಿನ ಕೆಳಗೆ ತಳ್ಳಿ, ಎಲ್ಲರೂ ಕೂತ ಮೇಲೆ, ಬಸ್ಸೆಲ್ಲ ಅದನ್ನೇ ಕೇಳುತ್ತಿತ್ತು. ಮಾಳಿಂಗಾ, ಮುಂದ ಏನಾತೋ. ಯಾಕೆಂದರೆ ಮಾಳಿಂಗಪ್ಪ ತೊಗರಿ ಚೀಲ ಹಾಕಿಕೊಂಡು ಆಳಂದದ ಅಡತಿ ಅಂಗಡಿಗೆ ಹೋಗಿಬರುವವನು, ಆಳಂದದ ಟಾಕೀಸಿನ ಮುಂದೆ ಆತ ನಿಂತದ್ದನ್ನು ಕಂಡವರಿದ್ದರು. ಆತ ಎಲ್ಲ ಸಿನಿಮಾ ಅಲ್ಲಿ ಮೊದಲೇ ನೋಡಿರುತ್ತಾನೆಂದು ಊರಿಗೆ ಊರೇ ನಂಬಿತ್ತು. ನೋಡಿದ್ದೇನೆ ಎಂದು ಆತ ಹೇಳಿದ್ದು ಅವಳಿಗೆ ನೆನಪಿಲ್ಲ. ಇಲ್ಲವೆಂದದ್ದೂ ನೆನಪಿಲ್ಲ. ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡು, ಮುಂದೇನಾತಂದ್ರ, ಎಂದು ಶುರು ಮಾಡುತ್ತಿದ್ದ. ಕಂಡಕ್ಟರು ಟಿಕೀಟು ಹರಿಯುವುದು ಬಿಟ್ಟು ಡ್ರೈವರನ ಹಿಂದೆ ನಿಂತುಬಿಡುತ್ತಿದ್ದ.

ಕಮಲಾಳ ಕಡೆಯ ಸೀನು ಹೇಳಿದ್ದು ಅವಳಿಗೆ ನಿನ್ನೆಯಂತಿದೆ. ಗಂಡ ಬಾಗಿಲಲ್ಲಿ ನಿಂತಾನ. ಕನ್ನಡಕ ಒರಸಿಕೊಂಡಾನ. ನಡಿ ಮನೀಗೆ ಅಂದಾನ. ಕಮಲಾ ಏಳಲಿಲ್ಲ. ಕೈಯಾಗಿನ ಹೊಲಿಗಿ ಬಿಡಲಿಲ್ಲ. ಒಳಗ ಬರ್ರಿ, ಕೂಡ್ರಿ, ಅಂಗಿ ಹರದದ, ಅಳತಿ ತಗೋತೇನಿ ಅಂದಳು. ಇಲ್ಲಿಗೆ ಬಂದಾಗ ಮುಂದಿನ ಸೀಟಿನ ಹಣಮವ್ವ ಎಂಬ ಮುದುಕಿ ತಿರುಗಿ, ಆಕಿ ಹೋಗೂದು ಬ್ಯಾಡೋ ಮಾಳಿಂಗಾ, ಅತ್ತೀನ ಬರಲಿ ಎಂದಿದ್ದಳು. ಅಪ್ಪ ಆಕೆಯ ಮುಖ ನೋಡಿ, ಸ್ವಲ್ಪ ತಡೆದು, ಹೌದು, ಅತ್ತೀನ ಬರ್ತಾಳ ಎಂದಿದ್ದ. ಖಣ ಹಿಡಕೊಂಡು ಅತ್ತಿ ಬಾಗಲಾಗ ಬಂದು ನಿಂತಾಳ. ಕುಬಸ ಹೊಲಿಯಾಕ ಬರ್ತದೇನ ಅಂತ ಕೇಳ್ಯಾಳ. ಕಮಲಾ ಟೇಪು ತಗೊಂಡು ಎದ್ದಾಳ. ಮುಗೀತು. ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದ್ದರು. ಹಣಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಚಲೋ ತಗದಾರ ನೋಡು ಎಂದಿದ್ದಳು. ಚಲೋ ತೆಗೆದಿದ್ದಾರೆ! ಶಿವಗಂಗಾ ರುಮಾಲಿನ ಅಂಚಿನ ಮೇಲೆ ಇಸ್ತ್ರಿ ಇಟ್ಟು ಹಾಗೇ ನಿಂತಳು. ಹಣಮವ್ವ ಹೇಳಿದ ಮೇಲೆ ಅಪ್ಪ ಅತ್ತೆಯನ್ನು ಕರೆತಂದಿದ್ದ, ಅದೂ ಅವಳ ಕಣ್ಣೆದುರಿಗೇ, ಬಸ್ಸಿನ ಮಂದಿಯೆಲ್ಲರ ಎದುರಿಗೇ. ಆದರೂ ಇಷ್ಟು ವರ್ಷ ಅದು ಅವಳಿಗೆ ಹೊಳೆದೇ ಇರಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಅವಳಿಗೆ ಕಸಿವಿಸಿಯಾದದ್ದು ಬೇರೆಯೇ ಒಂದು ಬಾಗಿಲು ನೆನಪಾಗಿ. ಗಂಡನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಅತ್ತೆ ಅನ್ನಬಾರದ್ದೊಂದು ಅಂದು, ಗಂಡ ಬೀರಣ್ಣ ಕೇಳಿಯೂ ಕೇಳದವನಂತೆ ಲಾರಿ ಏರಿ ಹೋದಮೇಲೆ ಅವಳು ಆಳಂದಕ್ಕೆ ಬಂದು ಒಂದು ಕೋಣೆ ಹಿಡಿದಿದ್ದಳು. ಅವ್ವ ಹಣೆ ಬಡಿದುಕೊಂಡಾಗ ಅವಳು ಸೆಟೆದು ನಿಂತು ಹೇಳಿದ್ದು, ಯಾಕ, ಸಿನಿಮಾದಾಗೇ ತೋರಿಸ್ಯಾರಲ್ಲ, ಎಂದು. ಸಿನಿಮಾದಲ್ಲಿ ತೋರಿಸಿದ್ದಾರೆಂದರೆ ಆಗ ಅದಕ್ಕೊಂದು ಕಿಮ್ಮತ್ತಿತ್ತು. ದೊಡ್ಡ ಊರಿನ ಶಾಣ್ಯಾರೆಲ್ಲ ಕೂತು ವಿಚಾರ ಮಾಡಿ, ಹಿಂಗ ಮಾಡಬಹುದು ಎಂದು ಒಪ್ಪಿಗೆ ಕೊಟ್ಟಂತೆ. ಅಪ್ಪ ಅವತ್ತು ಹಳೆಯ ಹೊಲಿಗೆ ಯಂತ್ರವೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು ಕೋಣೆಯಲ್ಲಿ ಇಳಿಸಿ ಹೋಗಿದ್ದ. ಕೆಲವು ತಿಂಗಳಿಗೆ ಬೀರಣ್ಣ ಬಂದು ಬಾಗಿಲಲ್ಲಿ ನಿಂತ. ನಡಿ ಮನೀಗೆ ಎಂದ. ಅವಳ ಕಾಲು ತಾನಾಗಿ ಏಳಲು ಹವಣಿಸುತ್ತಿತ್ತು. ಆದರೆ ಏನು ಹೇಳಬೇಕೆಂಬುದು ಗೊತ್ತಿತ್ತು. ಒಳಗ ಬರ್ರಿ, ಕೂಡ್ರಿ, ಅಂಗಿ ಹರದದ, ಅಳತಿ ತಗೋತೇನಿ. ಬೀರಣ್ಣನ ಅಂಗಿ ಹರಿದಿರಲೇ ಇಲ್ಲ. ಆತ ತೋಳು ಎತ್ತಿ ಹಿಂದೆ ಮುಂದೆ ನೋಡಿಕೊಂಡು, ಎಲ್ಲಿ ಎನ್ನುತ್ತಲೇ ಒಳಗೆ ಬಂದು ಕೂತವನು ಇವತ್ತಿಗೂ ಇಲ್ಲೇ ಇದ್ದಾನೆ. ತೊಗರಿ ಹೇರಿಕೊಂಡು ಲಾತೂರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ. ಅತ್ತೆ ಮಾತ್ರ ಬರಲಿಲ್ಲ. ಸಿನಿಮಾದಂತೆ ಎಲ್ಲ ಎಲ್ಲಿ ಆಗುತ್ತದೆ ಎಂದು ಶಿವಗಂಗಾ ಆಗ ಸಮಾಧಾನ ಮಾಡಿಕೊಂಡಿದ್ದಳು. ಒಂದು ದಿನ ಕಂಡಕ್ಟರನ ಕೈಯಲ್ಲಿ ಖಣವೊಂದನ್ನು ಕಳಿಸಿದಳು ಅತ್ತೆ, ಅಳತೆಗೆ ಹಳೆ ಕುಬಸವಿಲ್ಲ, ಹೇಳಿಕಳಿಸಿದ ಮಾತಿಲ್ಲ. ಅಂದಾಜಿನ ಮೇಲೆ ಹೊಲಿದು ಕಳಿಸಿದರೆ ತೋಳು ಬಿಗಿಯೆಂದು ವಾಪಸು ಬಂತು. ಸಡಿಲು ಮಾಡಿದರೆ ಬೆನ್ನು ಜೋಲು ಎಂದು ಬಂತು. ಹೀಗೆ ಬಸ್ಸಿನಲ್ಲಿ ಹೋಗುತ್ತ ಬರುತ್ತ ಆ ಕುಬಸ ಒಂದು ವರ್ಷ ಓಡಾಡಿತು. ಅಷ್ಟರಲ್ಲಿ ಅತ್ತೆ ಸೊಸೆಯರ ನಡುವೆ ಮಾತೂ ಶುರುವಾಗಿತ್ತು. ಅದೆಲ್ಲ ಚಂದವೇ ಆಯಿತು. ಆದರೆ ಇವತ್ತು ಈ ಮೊಬೈಲು ಹೇಳುತ್ತಿರುವುದೇನು? ಕಮಲಾ ಎದ್ದು ಓಡಿದ್ದಳು. ಕಾಲಿಗೆ ಬಿದ್ದಿದ್ದಳು. ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲ. ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟು ತಾನು ದಾಟಿಬಂದಿದ್ದೇನೆ ಎನ್ನಿಸಿ, ಈಗ ಇಷ್ಟು ವರ್ಷದ ಮೇಲೆ, ದಾಟಿ ಆರಾಮಾಗಿ ಕೂತ ಮೇಲೆ, ಅವಳಿಗೆ ಹೆದರಿಕೆಯಾಯಿತು.

“ಸುಡಾಕತ್ತದ ನೋಡ ಬೇ,” ಎಂದ ಅಪ್ಪ ಬಾಗಿಲಲ್ಲಿ ನಿಂತು. ರುಮಾಲಿನ ಅಂಚಿಗೆ ಕಂದು ಬಣ್ಣದ ಸಣ್ಣ ಗುರುತು ಬಿದ್ದಿತ್ತು. ಅವಳು ಅಯ್ಯ ಎನ್ನುವಷ್ಟರಲ್ಲಿ ಆತನೇ ಎತ್ತಿಕೊಂಡು, “ಇರಲಿ, ಒಳಗಿನ ಸುತ್ತಿಗೆ ಹೋಗ್ತದ, ಯಾರಿಗೆ ಕಾಣತದ,” ಎಂದು ಸುತ್ತಿಕೊಳ್ಳತೊಡಗಿದ. ಸುತ್ತಿ ಮುಗಿಸಿ ಕನ್ನಡಿಯಲ್ಲಿ ನೋಡಿಕೊಂಡ. ಗುರುತು ಕಾಣುತ್ತಿರಲಿಲ್ಲ.

ಸ್ಟುಡಿಯೋಕ್ಕೆ ಹೋಗುವ ದಾರಿಯುದ್ದಕ್ಕೂ ಮಾಳಿಂಗಪ್ಪ ನಿಂತು ನಿಂತು ಮಾತಾಡಿಸುತ್ತಿದ್ದ. ತೊಗರಿ ಅಂಗಡಿಯವರು ಭಾನುವಾರವೂ ಅರ್ಧ ಬಾಗಿಲು ತೆರೆದು ಕೂತಿದ್ದರು; ಅವರಿಗೂ ಹೇಳಿದ. ಶಿವಗಂಗಾ ಸೆರಗು ಬಿಗಿದುಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಆತನ ಖುಷಿ ನೋಡಿದಷ್ಟೂ ಅವಳ ನಿರ್ಧಾರ ಗಟ್ಟಿಯಾಯಿತು. ತಪ್ಪನ್ನೆಲ್ಲ ತಾನೇ ಮೈಮೇಲೆ ಹಾಕಿಕೊಳ್ಳುವುದು. ನಾನು ಸಣ್ಣಾಕಿ ಇದ್ದೆ, ಎರಡು ಸಿನಿಮಾ ಕಲಸಿ ಹೇಳಿದೆ ಎಂದರೆ ಮುಗಿಯಿತು. ನಗಲಿ. ಬಾಗಿಲ ಪಕ್ಕದ ಖುರ್ಚಿ ಇದ್ದೇ ಇದೆ, ಮತ್ತೆ ಅಲ್ಲೇ ಕೂತು ಚಹಾ ಕುಡಿದರಾಯಿತು. ಅಪ್ಪನನ್ನು ಮಾತ್ರ ಯಾರೂ ಕೇಳಬಾರದು, ಕೇಳಿದರೂ ಆತನ ಮಂದವಾದ ಕಿವಿಗೆ ಬೀಳಬಾರದು. ಆತನ ಕಿವಿ ಮಂದವಾದದ್ದಕ್ಕೆ ಅವಳಿಗೆ ಮೊದಲ ಬಾರಿ ಸಮಾಧಾನವಾಯಿತು, ಹಾಗೆ ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಹಿಂದಿನ ಕೋಣೆಯಲ್ಲಿ ಜಲಪಾತದ ಪರದೆ ಇಳಿಬಿಟ್ಟಿತ್ತು. ಆಳಂದದ ಅರ್ಧಕ್ಕರ್ಧ ಮದುಮಕ್ಕಳು ಆ ಜಲಪಾತದ ಮುಂದೆ ನಿಂತವರೇ. ಮುಜಮ್ಮಿಲ ಎದ್ದು ಬಂದು, “ಬರ್ರಿ ಕಾಕಾ, ಇಲ್ಲಿ ಕೂಡ್ರಿ,” ಎಂದು ಮಾಳಿಂಗಪ್ಪನ ಕೈ ಹಿಡಿದು, ಫೋಟೋ ತೆಗೆಸಿಕೊಳ್ಳುವವರು ಕೂರುವ ಕೆತ್ತನೆಯ ಖುರ್ಚಿಯಲ್ಲಿ, ಜಲಪಾತದ ಕೆಳಗೆ ಕೂರಿಸಿದ. ಎಲ್ಲರ ಮುಖ ಆ ಖುರ್ಚಿಯ ಕಡೆಗೇ ಆಯಿತು. ಚಹಾ ಬಂತು. ಸುಭದ್ರಾಬಾಯಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಹಾಡುಗಳು ಒಳ್ಳೆಯವು. ಅತ್ತೆಯ ಪಾತ್ರದವಳು ಚೆನ್ನಾಗಿ ಮಾಡಿದ್ದಾಳೆ, ಅವಳನ್ನು ನೋಡಿದರೆ ತಮ್ಮ ಅತ್ತೆಯೇ ನೆನಪಾಗಿ ಎದ್ದು ಹೋಗಿ ನೀರು ಕುಡಿದು ಬಂದರಂತೆ. ಆದರೆ ಹಗೇವಿನಲ್ಲಿ ಡಾಬು ಹೇಗೆ ಬಿತ್ತೆಂದು ಸಿನಿಮಾದವರು ಹೇಳಿಲ್ಲ, ಅದು ತಪ್ಪು. “ಮತ್ತ ಕಡೀ ಸೀನು,” ಎಂದು ನಿಲ್ಲಿಸಿ, ಶಿವಗಂಗಾಳನ್ನು ನೋಡಿದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ. ಉತ್ತರ ಬಿಟ್ಟು ಬಂದ ಶಾಣ್ಯಾ ಹುಡುಗಿಯನ್ನು ನೋಡುವಂತೆ ನೋಡಿದರು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಸುನೀಲಕುಮಾರ ಇದಕ್ಕೇ ಕಾದಿದ್ದ. ಜೇವರ್ಗಿಯವನು, ಕೃಷಿ ಇಲಾಖೆಯ ಕೆಲಸದ ಮೇಲೆ ಆಳಂದಕ್ಕೆ ಬಂದವನು, ಯಾವ ಸಿನಿಮಾದ ಮಾತು ಬಂದರೂ ನಮ್ಮ ಜೇವರ್ಗಿಯಲ್ಲಿ ಅದನ್ನು ಎಷ್ಟು ಸಲ ನೋಡಿದೆನೆಂದು ಹೇಳದೆ ಬಿಡುವವನಲ್ಲ. ಕೆಟ್ಟ ಮನುಷ್ಯನಲ್ಲ. ಬೇರೆಯವರು ಎಡವಿದರೆ ನಗದೆ ಇರಲಾರ, ಅಷ್ಟೇ. “ಶಿವಗಂಗಕ್ಕ, ನಿಮ್ಮ ಸಿನಿಮಾದಾಗ ಕಮಲಾ ಅಳತಿ ತಗೋತಾಳ, ನಮ್ಮ ಸಿನಿಮಾದಾಗ ಕಾಲ ಬೀಳ್ತಾಳ,” ಎಂದ. “ಖಜೂರಿಗೆ ಬ್ಯಾರೆ ಪ್ರಿಂಟ ಬರ್ತಿತ್ತೇನ್ರಿ?”

ಮುಜಮ್ಮಿಲ ನಕ್ಕ. ಸುಭದ್ರಾಬಾಯಿಯೂ ತುಟಿಯಲ್ಲೇ ನಕ್ಕರು. ಹೌದ್ರಿ, ಬೇರೆ ಪ್ರಿಂಟೇ ಬರುತ್ತಿತ್ತು ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಗಡಿಯ ಊರು, ಅತ್ತ ಮಹಾರಾಷ್ಟ್ರ, ಯಾರು ಹೋಗಿ ನೋಡುತ್ತಾರೆ. ಆದರೆ ಬಾಯಿಗೆ ಬಂದದ್ದು ದಾರಿಯಲ್ಲಿ ಕಟ್ಟಿಟ್ಟುಕೊಂಡ ಮಾತೇ. “ನನಗ ನೆನಪು ತಪ್ಯಾದ್ರಿ. ಸಣ್ಣಾಕಿ ಇದ್ದೆ. ಬ್ಯಾರೆ ಯಾವುದೋ ಸಿನಿಮಾ ಇದರಾಗ ಕಲಸೇನಿ.” ಹೇಳಿ ತಲೆ ತಗ್ಗಿಸಿದಳು. ಸಲೀಸಾಗಿ ಮುಗಿಯಿತು ಎಂದುಕೊಂಡಳು. ಹೋದ ವಾರ ಎದ್ದು ನಿಂತು ಹೇಳಿದ ಸೀನೆಲ್ಲ ಈಗ ಬಂದು ಮುಖಕ್ಕೆ ಹೊಡೆದಂತಾಯಿತು, ಆದರೂ ಅಪ್ಪನ ಮಾನ ಉಳಿಯಿತು.

“ಏನು ಕಲಸ್ಯಾಳಂತ?” ಎಂದ ಅಪ್ಪ.

“ಕಾಕಾ,” ಎಂದು ಸುನೀಲಕುಮಾರ ಬಾಗಿ, ಕಿವಿಯ ಹತ್ತಿರ ದನಿಯೆತ್ತಿದ, “ಬೆಳದಿಂಗಳು ಸಿನಿಮಾದ ಕಡೀ ಸೀನು ನೀವು ನೋಡೀರೇನ್ರಿ?”

ಕೆತ್ತನೆಯ ಖುರ್ಚಿಯಲ್ಲಿ, ಜಲಪಾತದ ಕೆಳಗೆ, ಹೊಸ ಧೋತರದ ಮೇಲೆ ಎರಡೂ ಕೈ ಇಟ್ಟು ಕೂತ ಅಪ್ಪ ಇನ್ನು ಏನು ಹೇಳಿದರೂ ಸಿಕ್ಕಿಬೀಳುತ್ತಾನೆ. ನೋಡೇನಿ ಎಂದರೆ ಸುಳ್ಳು, ಈ ಮಂದಿಯ ಮುಂದೆ; ಇಲ್ಲ ಎಂದರೆ ಅಂದು ಬಸ್ಸಿನಲ್ಲಿ ಹೇಳಿದ್ದೆಲ್ಲ ಸುಳ್ಳು. ಶಿವಗಂಗಾ ಎದ್ದು ನಿಂತಳು, ಯಾಕೆಂದು ಅವಳಿಗೇ ತಿಳಿಯಲಿಲ್ಲ.

“ಇಲ್ಲಪ್ಪಾ,” ಎಂದ ಮಾಳಿಂಗಪ್ಪ. “ನಾ ಯಾವ ಸಿನಿಮಾದ್ದೂ ಕಡೀ ಸೀನು ನೋಡಿಲ್ಲ. ಬಸ್ ಇರ್ತಿತ್ತಲ್ಲ.” ಹೊಲದಲ್ಲಿ ಬಾವಿ ಇಲ್ಲ ಎನ್ನುವಷ್ಟು ಸಹಜವಾಗಿ ಹೇಳಿದ.

“ಮತ್ತ ಅಕ್ಕಗ ಹೇಳಿದ್ದು?”

“ಬಸ್ಸಿನ್ಯಾಗ ಎಲ್ಲಾರೂ ಕೇಳ್ತಿದ್ರು, ಮುಂದ ಏನಾತು ಅಂತ. ಹೇಳ್ತಿದ್ದೆ. ಹೇಳಲಿಲ್ಲಂದ್ರ ಈ ಹುಡುಗಿ ಊರು ಬರೋ ತನಕ ಅಳ್ತಿತ್ತು.” ಚಹಾದ ಕಪ್ಪು ಕೆಳಗಿಟ್ಟು, ಕೋಣೆಯನ್ನೊಮ್ಮೆ ನೋಡಿ, ದೊಡ್ಡ ಟೀವಿಯ ಕಡೆ ಕೈ ತೋರಿಸಿದ. “ಅದರಾಗ ಬರ್ತದೇನು? ಹಾಕ್ರಲಾ ಮತ್ತ. ಇವತ್ತು ಬಸ್ಸಿಲ್ಲ. ನೋಡೇಬಿಡೂಣು.”

ಮುಜಮ್ಮಿಲ ಸುಭದ್ರಾಬಾಯಿಯ ಮುಖ ನೋಡಿದ. ಅವರು ಹಾಕು ಎಂಬಂತೆ ತಲೆಯಾಡಿಸಿದರು. ಶಿವಗಂಗಾ ನಿಂತವಳು ನಿಂತೇ ಇದ್ದಳು. ದೊಡ್ಡ ಪರದೆಯ ಮೇಲೆ ಕಮಲಾ ಬಟ್ಟೆ ಹೊಲಿಯುತ್ತ ಕೂತಳು, ಬಾಗಿಲಲ್ಲಿ ನೆರಳು ಬಿತ್ತು, ಕಮಲಾ ತಲೆ ಎತ್ತಿದಳು. ಇಲ್ಲಿ ಹಾರ್ನು ಆಗಿತ್ತು. ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ತಾನು ನೋಡಿದ ಕಡೆಯ ಚಿತ್ರ ಇದೇ. ಆದರೆ ತನ್ನನ್ನು ಹೊತ್ತವನು ಹಿಂದಕ್ಕೆ ತಿರುಗಿಯೂ ನೋಡಿರಲಿಲ್ಲ, ಎಲ್ಲಿ ಕಾಲಿಡಬೇಕೆಂದು ಕತ್ತಲಲ್ಲಿ ಮುಂದೆ ನೋಡುತ್ತ ನಡೆದಿದ್ದ, ತನ್ನಷ್ಟೂ ಆತ ನೋಡಿರಲಿಲ್ಲ ಎಂಬುದು ಅವಳಿಗೆ ಈಗ ತಿಳಿಯಿತು. ಅಷ್ಟು ಇಟ್ಟುಕೊಂಡು, ಹಣಮವ್ವನ ಮುಖ ನೋಡುತ್ತ, ಮಡಿಲಲ್ಲಿ ಅಳುವ ಹುಡುಗಿಯನ್ನು ಹಿಡಿದುಕೊಂಡು, ಕಮಲಾ ಏನು ಮಾಡಿದರೆ ಚಲೋ ಎಂದು ಆತ ಯೋಚಿಸಿದ್ದ. ಒಪ್ಪಿಗೆ ಕೊಟ್ಟವರು ಇದ್ದರು ಹಾಗಾದರೆ. ದೊಡ್ಡ ಊರಿನ ಶಾಣ್ಯಾರಲ್ಲ, ಸಂತೆ ಮುಗಿಸಿ ಉಳ್ಳಾಗಡ್ಡಿಯ ಗಂಟಿನ ಜೊತೆ ಕೂತ ಒಂದು ಬಸ್ಸಿನ ಮಂದಿ, ಅವರ ನಡುವೆ ಅಪ್ಪ. ಅವಳ ಊರಿನವರೇ ಅವಳಿಗೆ ಮೊದಲೇ ಹೇಳಿಟ್ಟಿದ್ದರು. ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದ ಹೆದರಿಕೆ ಹಗುರಾಯಿತು. ಅವಳು ಬಾಗಿಲ ಪಕ್ಕದ ಖುರ್ಚಿ ಬಿಟ್ಟು, ಮುಂದೆ ಹೋಗಿ ಅಪ್ಪನ ಖುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಪರದೆಯ ಮೇಲೆ ಕಮಲಾ ಓಡಿದಳು. ಮಾಳಿಂಗಪ್ಪ ಮುಂದಕ್ಕೆ ಬಾಗಿದ. ಕಮಲಾ ಗಂಡನ ಕಾಲಿಗೆ ಬಿದ್ದಳು. ಗಾಡಿ ಹೊರಟಿತು, ಹೊಲಗಳು ಹಿಂದೆ ಸರಿದವು. ಅತ್ತೆಯ ಕಾಲಿಗೆ ಬಿದ್ದಾಗ ಮಾಳಿಂಗಪ್ಪ ಕತ್ತು ತಿರುಗಿಸಿ ಮಗಳನ್ನೊಮ್ಮೆ ನೋಡಿ ಮತ್ತೆ ಪರದೆ ನೋಡಿದ. ಮನೆಯಾಳು ಮಜ್ಜಿಗೆಯಲ್ಲಿ ಜಾರಿ ಬಿದ್ದ ಕೂಡಲೇ ಮಾತ್ರ ಬಾಯಿತುಂಬ ನಕ್ಕ, ಕೆಮ್ಮು ಬರುವ ತನಕ ನಕ್ಕ. ಆತನ ನಗೆಗೆ ಉಳಿದವರೂ ನಕ್ಕರು, ಸುನೀಲಕುಮಾರ ಎಲ್ಲರಿಗಿಂತ ಜೋರಾಗಿ. ‘ಶುಭಂ’ ಬಂತು. ಮಸಾಲೆ ಪುಡಿಯ ಹೆಂಗಸು ಬರುವ ಮೊದಲೇ ಮುಜಮ್ಮಿಲ ಟೀವಿ ಆರಿಸಿದ.

“ಹೇಳ್ರಿ,” ಎಂದರು ಸುಭದ್ರಾಬಾಯಿ. ಅವರು ಇಷ್ಟು ಮೃದುವಾಗಿ ಯಾರನ್ನಾದರೂ ಕೇಳಿದ್ದು ಶಿವಗಂಗಾಳಿಗೆ ಗೊತ್ತಿರಲಿಲ್ಲ. “ನಿಮ್ಮ ಅಭಿಪ್ರಾಯ ಏನ್ರಿ?”

ಮಾಳಿಂಗಪ್ಪ ರುಮಾಲು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ. ಒಳಸುತ್ತಿನ ಸುಟ್ಟ ಗುರುತು ಮೇಲೆ ಬಂತು. ಆತ ಅದರ ಮೇಲೆ ಹೆಬ್ಬೆರಳು ಆಡಿಸಿದ.

“ಮಜ್ಜಿಗಿ ಚೆಲ್ಲಿದ್ದು ಚಲೋ ಅದ್ರಿ,” ಎಂದ. ಆಮೇಲೆ ಮಗಳ ಕಡೆ ತಿರುಗಿದ. “ಮಿಷಿನ್ ಅಲ್ಲೇ ಬಿಟ್ಟು ಹೋದ್ಳಲ್ಲ ಬೇ ಗಂಗಾ. ನಾವು ಬಸ್ಸಿಗೆ ಎದ್ದದ್ದೇ ಚಲೋ ಆತು.”